ಕುಡಿಯದವನ ದಾರ

ಭೈರೇಶನಿಗೆ ಹೊಟ್ಟೆಯೊಳಗಿನ ಮೇದೋಜೀರಕ ಗ್ರಂಥಿ ಕೆಟ್ಟು ನಾಲ್ಕು ವರ್ಷವಾಗಿತ್ತು. ಆ ಗ್ರಂಥಿ ಎಲ್ಲಿದೆ, ಏನು ಮಾಡುತ್ತದೆ ಎಂದು ಅವಲಪಲ್ಲಿಯ ನಮ್ಮ ಬೀದಿಯಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಅದು ಯಾಕೆ ಕೆಡುತ್ತದೆ ಎಂಬುದು ಮಾತ್ರ ಎಲ್ಲರಿಗೂ ಗೊತ್ತಿತ್ತು: ಕುಡಿತ. ಹೊಸೂರಿನ ಡಾಕ್ಟರು ಕೇಳಿದ್ದೂ ಎಷ್ಟು ಕುಡಿಯುತ್ತೀಯ ಎಂದೇ, ಕುಡಿಯುತ್ತೀಯಾ ಎಂದಲ್ಲ. ಮುಟ್ಟಿಯೂ ನೋಡಿಲ್ಲ ಸಾರ್ ಅಂದರೆ, ಎಲ್ಲರೂ ಹಾಗೇ ಅನ್ನುವುದು ಎಂದು ನಕ್ಕರು. ಕುಡಿಯದವರಿಗೂ ಈ ಕಾಯಿಲೆ ಬರುತ್ತದೆ ಎಂದು ಬೆಂಗಳೂರಿನ ಆಸ್ಪತ್ರೆಯಲ್ಲಿ ಹೇಳಿದ್ದರು. ಅದನ್ನು ಮನೆಮನೆಗೂ ಹೋಗಿ ಸಾರಲಾದೀತೆ?

ನೋವು ಬರುತ್ತಿತ್ತು, ಹೋಗುತ್ತಿತ್ತು. ಸುಸ್ತು ಮಾತ್ರ ಬಂದದ್ದು ಹೋಗಲೇ ಇಲ್ಲ. ಬೆಳಿಗ್ಗೆ ಏಳುವಾಗಲೇ ಹಗಲೆಲ್ಲ ರಾಗಿ ಹೊಲದಲ್ಲಿ ಕಳೆ ಕಿತ್ತವನ ಹಾಗಿರುತ್ತಿದ್ದ. ಫ್ಯಾಕ್ಟರಿಯಲ್ಲಿ ಶಿಫ್ಟ್ ಪೂರ್ತಿ ಪ್ರೆಸ್ ಮೆಷಿನ್ ಮುಂದೆ ನಿಲ್ಲಬೇಕು. ಅವನು ಆಸೆಪಟ್ಟದ್ದು ಒಂದು ಕುರ್ಚಿಗೆ, ಕೂತು ಪೀಸ್ ಚೆಕ್ ಮಾಡುವ ಕೆಲಸಕ್ಕೆ. ಸೂಪರ್‌ವೈಸರ್ ರಾಮಚಂದ್ರಪ್ಪನನ್ನು ಕೇಳಿದರೆ, ಅವನು ಹತ್ತಿರ ಬಂದು ಬಾಯಿ ಮೂಸಿದ. ವಾಸನೆ ಸಿಗಲಿಲ್ಲ. ಹಾಗಾದರೆ ಏನೂ ಆಗಿಲ್ಲ, ಹೋಗಿ ನಿಂತುಕೋ ಎಂದು ಕಳಿಸಿದ.

ಮನೆಯಲ್ಲಿ ಭೈರೇಶ ತಟ್ಟೆ ಸರಿಸಿ ಗೋಡೆ ನೋಡುತ್ತ ಕೂರತೊಡಗಿದ. ಹೆಂಡತಿ ಶಶಿಕಲಾ ಹೆದರಿ ಅಪ್ಪನಿಗೆ ಹೇಳಿ ಕಳಿಸಿದಳು. ಮುತ್ತರಾಯಪ್ಪ ತನ್ನೂರು ತಳಿಯಿಂದ ಬಂದು ಬಸ್ಸಿಳಿದವನೇ ಅಳಿಯನ ರೋಗ ಕುಡಿತವೇ ಎಂದು ಕಂಡುಹಿಡಿದುಬಿಟ್ಟ. ಮುನೇಶ್ವರನ ಗುಡಿಯಲ್ಲಿ ದಾರ ಕಟ್ಟಿಸಬೇಕು.

ನಮ್ಮ ಕಡೆ ಕುಡುಕರಿಗೆ ಕೊನೆಯ ಔಷಧಿ ಇದು. ಪೂಜಾರಿ ಇಷ್ಟು ದಿನವೆಂದು ಗಡುವು ಹಾಕಿ ಮಣಿಕಟ್ಟಿಗೆ ದಾರ ಕಟ್ಟುತ್ತಾನೆ. ಅದು ಇರುವವರೆಗೆ ಕುಡಿದರೆ ಮುನೇಶ್ವರ ರಕ್ತ ಕಕ್ಕಿಸುತ್ತಾನೆಂದು ನಂಬಿಕೆ. ಮುತ್ತರಾಯಪ್ಪನಿಗೆ ಇದೆಲ್ಲ ಬಾಯಿಪಾಠ. ತಾನೇ ಎಷ್ಟೋ ಸಲ ಕಟ್ಟಿಸಿಕೊಂಡು, ಪ್ರತಿ ಸಲವೂ ಗಡುವು ಮುಗಿದ ಸಂಜೆಯೇ ಬ್ರಾಂದಿ ಅಂಗಡಿ ಮುಂದೆ ನಿಂತವನು. ಈಗಂತೂ ಸರ್ಕಾರವೇ ಅಂಗಡಿ ಇಟ್ಟು ಅವನಿಗೆ ಒಂದು ಗೌರವ ತಂದುಕೊಟ್ಟಿತ್ತು. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ.

"ಕುಡೀದೋನಿಗೆ ದಾರ ಯಾಕೆ ಮಾವ?" ಎಂದ ಭೈರೇಶ.

"ಕುಡೀದಿದ್ರೆ ಕಟ್ಟಿಸ್ಕೊಳ್ಳಾಕೆ ಭಯ ಯಾಕೆ ಅಳಿಯಂದ್ರೆ?"

ವಾದ ಮಾಡುವುದಕ್ಕೂ ತ್ರಾಣ ಬೇಕು. ಭೈರೇಶ ಗುಡಿಗೆ ಹೋಗಿ ಪೂಜಾರಿಯ ಮುಂದೆ ಕೈ ಚಾಚಿದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದು ಎಂದರೆ ಇದೇ. ಇಲ್ಲಿ ಎತ್ತು ಮಾತ್ರ ತೂರಾಡಿಕೊಂಡು ಹಿಂದೆ ನಿಂತು ಕೈ ಮುಗಿಯುತ್ತಿತ್ತು, ಬರೆ ಬಿದ್ದದ್ದು ಎಮ್ಮೆಗೇ.

ಮಾರನೆಯ ದಿನದಿಂದ ಅವನ ಗ್ರಹಗತಿಯೇ ಬದಲಾಯಿತು. ಕುಡಿಯದವನನ್ನು ಈ ಲೋಕದಲ್ಲಿ ಯಾರೂ ತಿರುಗಿ ನೋಡುವುದಿಲ್ಲ, ಬಿಟ್ಟವನು ಮಾತ್ರ ಮಹಾನುಭಾವ. ಬೀದಿಯ ಹೆಂಗಸರು ಅವನನ್ನು ತೋರಿಸಿ ತಮ್ಮ ಗಂಡಂದಿರನ್ನು ಬೈದರು. ರಾಮಚಂದ್ರಪ್ಪ ದಾರ ನೋಡಿ, ಹೊಸದಾಗಿ ಬಿಟ್ಟವರಿಗೆ ಕೈಕಾಲು ನಡುಗುತ್ತದೆ ಎಂದು ತಾನೇ ಕುರ್ಚಿ ಹಾಕಿಸಿಕೊಟ್ಟ. ಬದುಕು ಸಾಕೆನಿಸುತ್ತದೆ ಎಂದು ಭೈರೇಶ ಒಮ್ಮೆ ಬಾಯಿಬಿಟ್ಟಾಗ ಶಶಿಕಲಾ ಗಾಬರಿಬಿದ್ದಳು. ಬಿಟ್ಟ ಹೊಸದರಲ್ಲಿ ಹಾಗೇ ಇರುತ್ತದೆ ಎಂದು ಅಪ್ಪ ಸಮಾಧಾನ ಹೇಳಿದ. ಅವಳೂ ನಂಬಿದಳು. ಅವನ ಒಂದೊಂದು ಸಂಕಟಕ್ಕೂ ಒಂದೊಂದು ಕಾರಣ ಸಿಕ್ಕಿತ್ತು, ಅವನದಲ್ಲದ ಕಾರಣ.

ಹೀಗಿರುವಾಗ ರಾಮಚಂದ್ರಪ್ಪ ಒಬ್ಬ ಕುಡುಕ ಕೆಲಸಗಾರನನ್ನು ಎಳೆದುಕೊಂಡು ಬಂದ. ನೀನು ಹೇಗೆ ಬಿಟ್ಟೆಯೋ ಇವನಿಗೂ ಸ್ವಲ್ಪ ಹೇಳು ಎಂದ. ಆ ಮನುಷ್ಯ ನಿಜವಾಗಿಯೂ ಕಂಗೆಟ್ಟು ಇವನ ಮುಖವನ್ನೇ ನೋಡುತ್ತಿದ್ದ. ಭೈರೇಶನಿಗೆ ಸುಳ್ಳು ಬಾಯಿಗೆ ಬರಲಿಲ್ಲ.

"ಸಾರ್, ನಾನು ಬಿಟ್ಟೋನಲ್ಲ. ಯಾವತ್ತೂ ಕುಡ್ದೇ ಇಲ್ಲ. ಒಳಗೆ ಕಾಯ್ಲೆ ಐತೆ, ಅದ್ಕೇ ಸುಸ್ತು."

ರಾಮಚಂದ್ರಪ್ಪನಿಗೆ ಮೋಸ ಹೋದಂತಾಯಿತು. ತಿದ್ದಿಕೊಂಡವನಿಗೆಂದು ಕೊಟ್ಟ ಕುರ್ಚಿ. ತಪ್ಪನ್ನೇ ಮಾಡದವನಿಗೆ ಯಾಕೆ ಕೊಡಬೇಕು? ಅವತ್ತೇ ಭೈರೇಶ ಮತ್ತೆ ಪ್ರೆಸ್ ಮುಂದೆ ನಿಂತ.

ಮನೆಗೆ ಬಂದು ಹೇಳಿದಾಗ ಶಶಿಕಲಾ ಹಣೆ ಚಚ್ಚಿಕೊಂಡಳು. ಸುಮ್ಮನೆ ಹೂಂ ಅಂದಿದ್ದರೆ ಏನು ಗಂಟು ಹೋಗುತ್ತಿತ್ತು ಎಂದು ರೇಗಿದಳು.

"ಹೂಂ ಅಂದೂ ಅಂದೂ, ನಾನು ಕುಡುಕನೇ ಇರ್ಬೇಕು ಅಂತ ನಂಗೇ ಅನ್ನಿಸ್ತಾ ಇತ್ತು ಕಣೆ," ಎಂದ.

ಅವಳು ಕುಡುಕರ ಸುಳ್ಳುಗಳನ್ನು ಕೇಳಿಕೊಂಡೇ ಬೆಳೆದವಳು. ಕುಡಿದದ್ದನ್ನು ಮುಚ್ಚಿಡಲು ಅಪ್ಪ ದೇವರ ಮೇಲೇ ಆಣೆ ಇಡುತ್ತಿದ್ದ. ನಿಜ ಹೇಳಿ ಕುರ್ಚಿ ಕಳೆದುಕೊಂಡ ಕುಡುಕನನ್ನು ಅವಳು ಕಂಡಿರಲಿಲ್ಲ. ಇಷ್ಟು ವರ್ಷ ತಾನೂ ನಂಬಿರಲಿಲ್ಲವಲ್ಲ ಎಂದು ಅವಳಿಗೆ ನಾಚಿಕೆಯಾಯಿತು. ಪಕ್ಕದಲ್ಲಿ ಬಂದು ಕೂತಳು.

"ಸುಸ್ತು ಸುಸ್ತು ಅಂತೀರಲ್ಲ, ಹೆಂಗಿರ್ತದೆ ಅದು?"

ಡಾಕ್ಟರು, ಸೂಪರ್‌ವೈಸರ್, ಮಾವ, ಬೀದಿಯವರು ಎಲ್ಲರೂ ಅವನನ್ನು ಏನೇನೋ ಕೇಳಿದ್ದರು. ಇದನ್ನು ಕೇಳಿದವರಿರಲಿಲ್ಲ. ಭೈರೇಶ ಹೇಳಲು ಹೋದ, ಮಾತಿಗಿಂತ ಮೊದಲು ಅಳು ಬಂತು. ಶಶಿಕಲಾ ಅದು ಮುಗಿಯುವವರೆಗೆ ಕಾದು, "ಈಗ ಹೇಳಿ," ಎಂದಳು.