ಉಜ್ಜಿ ಹೋದ ಪದರ

ದಾಕ್ಷಾಯಣಿ ಗದಗಿನವಳು. ಗಂಡ ಮಹೇಶನನ್ನು ಬ್ಯಾಂಕಿನವರು ಕಾಶಿಗೆ ವರ್ಗ ಮಾಡಿದಾಗ ಅವಳೂ ಜೊತೆಗೆ ಬಂದು, ಅಲ್ಲಿಯ ವಿಶ್ವವಿದ್ಯಾಲಯದಲ್ಲಿ ವಿಷ್ಣುತೀರ್ಥ ಮೇಷ್ಟ್ರ ಕೈಕೆಳಗೆ ಸಂಶೋಧನೆಗೆ ಸೇರಿಕೊಂಡಳು. ಅಣುಸ್ಥಾವರದ ತ್ಯಾಜ್ಯವನ್ನು ಕರಗಿದ ಗಾಜಿನಲ್ಲಿ ಬೆರೆಸಿ ಗಟ್ಟಿಮಾಡಿ ಇಡುತ್ತಾರಲ್ಲ, ಒಳಗಿನ ವಿಕಿರಣಕ್ಕೆ ಆ ಗಾಜು ಎಷ್ಟು ಕಾಲ ತಡೆದೀತು ಅನ್ನುವುದು ಅವಳ ಕೆಲಸ.

ನೂರಾರು ವರ್ಷ ಕಾಯುವುದು ಯಾರಿಂದಾದೀತು? ಅದಕ್ಕೆ ಗಾಜಿನ ಬಿಲ್ಲೆಗಳನ್ನು ದೆಹಲಿಗೆ ಕಳಿಸಿ, ವಿಕಿರಣದ ಬದಲು ಯಂತ್ರದಲ್ಲಿ ಅಯಾನುಗಳ, ಅಂದರೆ ವಿದ್ಯುತ್ ತುಂಬಿದ ಕಣಗಳ, ಹೊಡೆತ ಕೊಡಿಸುತ್ತಿದ್ದಳು. ಬಂದ ಮೇಲೆ ಒರೆಸಿ, ನುಣ್ಣಗೆ ಪಾಲಿಶ್ ಮಾಡಿ, ಬಿಸಿನೀರಲ್ಲಿ ಇಪ್ಪತ್ತೆಂಟು ದಿನ ಇಟ್ಟು, ಗಾಜಿನಿಂದ ಬೋರಾನ್ ಎಷ್ಟು ನೀರಿಗಿಳಿಯಿತೆಂದು ನೋಡುವುದು. ಹೆಚ್ಚು ಇಳಿದಷ್ಟೂ ಗಾಜು ಕೆಟ್ಟಿದೆ ಎಂದರ್ಥ. ಅವಳು ಮಾಡಿದ ಹೊಸ ಗಾಜು ಹೊಡೆತಕ್ಕೆ ಜಗ್ಗಲೇ ಇಲ್ಲ. ವಿಜ್ಞಾನದ ಪತ್ರಿಕೆಯೊಂದರಲ್ಲಿ ಲೇಖನ ಅಚ್ಚಾಯಿತು. ಒಂದು ಸ್ಥಾವರದವರು ದೊಡ್ಡ ಪ್ರಮಾಣದಲ್ಲಿ ಪರೀಕ್ಷಿಸುತ್ತೇವೆಂದು ಬರೆದರು.

ಈ ಮಾರ್ಚಿನಲ್ಲಿ ಪಾಲಿಶ್ ಬಟ್ಟೆ ಮುಗಿದಿತ್ತು. ಹೊಸದು ಬರುವ ತನಕ ಯಾಕೆ ಕಾಯಬೇಕೆಂದು ದೆಹಲಿಯಿಂದ ಬಂದ ಆರು ಬಿಲ್ಲೆಗಳನ್ನು ಉಜ್ಜದೆ ಹಾಗೇ ನೀರಿಗೆ ಹಾಕಿದಳು. ತಿಂಗಳಾದ ಮೇಲೆ ನೋಡಿದರೆ ಬೋರಾನ್ ಮೂರು ಪಟ್ಟು. ನೀರು ಕೆಟ್ಟಿರಬೇಕೆಂದು ಇನ್ನೊಮ್ಮೆ ಮಾಡಿದಳು. ಮತ್ತೆ ಮೂರು ಪಟ್ಟು.

ಕಾರಣ ಹೊಳೆದದ್ದು ಕಾಶಿಯ ಸೋನಾರ್‌ಪುರಾದ ತರಕಾರಿ ಸಂತೆಯಲ್ಲಿ, ತೊಂಡೆಕಾಯಿಯಂಥ ಪರ್ವಲ್ ಆರಿಸುತ್ತ ನಿಂತಿದ್ದಾಗ. ಅಯಾನು ಗಾಜಿನ ಮೇಲ್ಪದರಕ್ಕಷ್ಟೇ ಇಳಿಯುತ್ತದೆ, ಕೂದಲಿನ ದಪ್ಪದ ಹತ್ತರಲ್ಲಿ ಒಂದು ಪಾಲೂ ಇಲ್ಲ. ಪೆಟ್ಟು ತಿಂದ ಆ ಪದರವನ್ನೇ ಅವಳು ಎರಡು ವರ್ಷ ಉಜ್ಜಿ ತೆಗೆದು, ಕೆಳಗಿನ ಆರೋಗ್ಯವಂತ ಗಾಜನ್ನು ಪರೀಕ್ಷೆ ಮಾಡಿದ್ದಳು. ತರಕಾರಿ ಬಿಟ್ಟು ಇ-ರಿಕ್ಷಾ ಹತ್ತಿದಳು.

ಮನೆಯಲ್ಲಿ ಮಹೇಶ ಎಲ್ಲ ಕೇಳಿಸಿಕೊಂಡು, "ಯಾರಿಗಾದ್ರೂ ಗೊತ್ತಾಗ್ತದೇನು?" ಅಂದ.

"ಈಗ ಗೊತ್ತಾಗೂದಿಲ್ರೀ. ನಮ್ಮ ಮರಿಮಕ್ಕಳ ಕಾಲಕ್ಕೆ ಗೊತ್ತಾದೀತು."

"ಹಂಗಾರ ನಾಳೆ ಸರ್‌ಗೆ ಹೇಳಿಬಿಡು. ತಡಾ ಮಾಡಬ್ಯಾಡ," ಅಂದ.

ವಿಷ್ಣುತೀರ್ಥರಿಗೆ ನಿವೃತ್ತಿಗೆ ಎಂಟೇ ತಿಂಗಳು ಉಳಿದಿತ್ತು. ಲೇಖನದಲ್ಲಿ ಅವರ ಹೆಸರೂ ಇತ್ತು. ಅಂಕಿಗಳ ಹಾಳೆಯನ್ನು ಎರಡು ಸಲ ಓದಿ ಕನ್ನಡಕ ತೆಗೆದಿಟ್ಟರು.

"ಪಾಲಿಶ್ ಮಾಡು ಅಂತ ಹೇಳಿಕೊಟ್ಟವನು ನಾನೇ ಅಲ್ಲವೇನಮ್ಮ?"

"ಯಾಕೆಂದು ಕೇಳದೇ ಮಾಡಿದವಳು ನಾನು, ಸರ್."

"ತಪ್ಪು ಇಬ್ಬರದೂ ಅಂತ ಬರೆಯೋಣ. ಮೊದಲು ಸ್ಥಾವರದವರಿಗೆ ತಿಳಿಸು, ಅವರು ಕುಲುಮೆ ಹಚ್ಚೋಕೆ ಮುಂಚೆ."

ಅವಳ ಎದೆ ಹಗುರಾಯಿತು, ಆದರೆ ನಾಚಿಕೆ ಹೋಗಲಿಲ್ಲ. ಅಲ್ಲೇ ಕೂತು ಪತ್ರ ಬರೆದಳು.

ಪತ್ರಿಕೆಯವರು ಲೇಖನವನ್ನು ಹಿಂತೆಗೆದುಕೊಂಡರು. ಸ್ಥಾವರದವರು ಪರೀಕ್ಷೆ ನಿಲ್ಲಿಸಿದರು. ಅವಳ ಪಿಎಚ್‌ಡಿ ಒಂದು ವರ್ಷ ಹಿಂದೆ ಬಿತ್ತು. ಊರಿನಿಂದ ಫೋನ್ ಮಾಡಿದ ಅತ್ತೆಗೆ ಇದನ್ನು ವಿವರಿಸುವುದೇ ಎಲ್ಲಕ್ಕಿಂತ ಕಷ್ಟವಾಯಿತು.

ಜುಲೈಯಲ್ಲಿ ಅದೇ ಸ್ಥಾವರದಿಂದ ಒಂದು ಕಾಗದ ಬಂತು. ನಮ್ಮ ಹಳೆಯ ಬಿಲ್ಲೆಗಳನ್ನೂ ಉಜ್ಜಿಯೇ ಪರೀಕ್ಷಿಸಿದ್ದೆವು, ಈಗ ಎಲ್ಲವನ್ನೂ ಮತ್ತೆ ನೋಡಬೇಕಾಗಿದೆ, ತಾವು ಬಂದು ವಿಧಾನ ತೋರಿಸಿಕೊಡಬಹುದೇ ಎಂದು ಕೇಳಿದ್ದರು. ದಾಕ್ಷಾಯಣಿ ರೈಲಿಗೆ ಟಿಕೆಟ್ ಮಾಡಿಸಿದಳು.