ಯಾವ ಗಂಟೆ ಉಳಿಯಬೇಕು

ಶಾಲೆಯ ಬಸ್ಸು ಚರಂಡಿಗಿಳಿದ ಸೋಮವಾರದಿಂದ ವರ್ನಾ ಕುಚೆರಾ ಗಡಿಯಾರದ ಮೇಲೆ ಹಗೆ ಕಟ್ಟಿಕೊಂಡಿದ್ದಳು.

ಅದು ಮಾರ್ಚ್ ತಿಂಗಳು. ಹಿಂದಿನ ದಿನವಷ್ಟೇ ಅಮೆರಿಕದ ಇಡೀ ನೆಬ್ರಾಸ್ಕಾ ರಾಜ್ಯ ಗಡಿಯಾರವನ್ನು ಒಂದು ಗಂಟೆ ಮುಂದೆ ತಳ್ಳಿ ಬೇಸಿಗೆ ಸಮಯಕ್ಕೆ ಬದಲಾಗಿತ್ತು. ಹೋದ ವಾರ ಬೆಳಕಿನಲ್ಲಿ ಬಸ್ಸು ಹತ್ತಿದ ಮಕ್ಕಳು ಈಗ ಕತ್ತಲಲ್ಲಿ ರಸ್ತೆಯಂಚಿಗೆ ನಿಂತು ಕಾಯುತ್ತಿದ್ದರು. ಮೆಕ್ಕೆಜೋಳದ ಹೊಲದ ತಿರುವಿನಲ್ಲಿ ಕಪ್ಪು ಕೋಟಿನ ಹುಡುಗಿಯೊಬ್ಬಳು ನಾಯಿಯ ಬೆನ್ನು ಹತ್ತಿ ರಸ್ತೆಗೆ ಓಡಿಬಂದಳು. ವರ್ನಾ ಇದ್ದ ಬಲವನ್ನೆಲ್ಲ ಹಾಕಿ ಸ್ಟಿಯರಿಂಗ್ ತಿರುಗಿಸಿದಳು. ಹುಡುಗಿಗೆ ಏನೂ ಆಗಲಿಲ್ಲ. ಬಸ್ಸಿನೊಳಗಿನ ಮಕ್ಕಳು ಒಬ್ಬರ ಮೇಲೊಬ್ಬರು ಬಿದ್ದು ಅತ್ತರು, ಅಷ್ಟೇ. ಮುರಿದದ್ದು ವರ್ನಾಳ ಮಣಿಕಟ್ಟು.

ಶಾಲೆಯ ಆಡಳಿತ ಮಂಡಳಿಯವರು ಅವಳನ್ನು ಕೂರಿಸಿ ಮಾತಾಡಿದರು. "ವಯಸ್ಸಾಗ್ತಾ ಬಂತು ವರ್ನಾ, ರಾತ್ರಿ ನಿದ್ದೆ ಸರಿಯಾಗಿರ್ಲಿಲ್ವೇನೋ," ಅಂದರು. ಕತ್ತಲೆಯ ಮಾತನ್ನು ಅವಳು ಎತ್ತಿದಾಗಲೆಲ್ಲ ತಲೆಯಾಡಿಸಿ, ಮತ್ತೆ ಅವಳ ನಿದ್ದೆಗೇ ಬರುತ್ತಿದ್ದರು. ಇಪ್ಪತ್ತು ವರ್ಷ ಹಿಮದಲ್ಲೂ ಮಂಜಿನಲ್ಲೂ ಬಸ್ಸು ಓಡಿಸಿದವಳಿಗೆ ಅದು ಮೂಳೆ ಮುರಿದದ್ದಕ್ಕಿಂತ ಹೆಚ್ಚು ನೋಯಿತು.

ಕೈಗೆ ಹಾಕಿದ ಪಟ್ಟಿ ಬಿಚ್ಚುವ ಮೊದಲೇ ಅವಳು ಮನೆ ಮನೆ ತಿರುಗತೊಡಗಿದಳು. ಮಾರ್ಚಿನಲ್ಲಿ ಮುಂದೆ, ನವೆಂಬರಿನಲ್ಲಿ ಹಿಂದೆ ಎಂದು ವರ್ಷಕ್ಕೆರಡು ಸಲ ಗಡಿಯಾರ ತಿರುಗಿಸುವ ಈ ಆಟ ನಮ್ಮ ರಾಜ್ಯಕ್ಕೆ ಬೇಡ ಎಂದು ಸಹಿ ಕೇಳಿದಳು. ಡ್ರೈಫೋರ್ಕ್ ಎಂಬ ಆ ಸಣ್ಣ ಊರಿನಲ್ಲಿ ನೀರಿನ ಕೊಳವೆಯಿಂದ ಹಿಡಿದು ಚರ್ಚಿನ ಬಣ್ಣದವರೆಗೆ ಯಾವುದಕ್ಕೂ ಎರಡು ಪಂಗಡ ಇದ್ದೇ ಇರುತ್ತಿತ್ತು. ಇದಕ್ಕೆ ಮಾತ್ರ ಎಲ್ಲರೂ ಒಂದೇ ಉಸಿರಿಗೆ ಸಹಿ ಹಾಕಿದರು.

ಹೆಚ್ಚಿನ ಸಹಿ ತಂದವನು ಅವಳ ತಮ್ಮ ಲೀಲಂಡ್. ಊರಾಚೆಯ ಚಿಕ್ಕ ಗಾಲ್ಫ್ ಮೈದಾನವೂ ಅದರ ಕ್ಯಾಂಟೀನೂ ಅವನದು. ಬಂದವರ ಮುಂದೆ ಚಿಲಿ ಸಾರಿನ ಬಟ್ಟಲು, ದಾಲ್ಚಿನ್ನಿ ರೋಲು ಇಡುತ್ತಿದ್ದ, ಹಿಂದೆಯೇ ಪೆನ್ನೂ ಇಡುತ್ತಿದ್ದ. ಮಾತಿನ ಮಲ್ಲ. ಅಕ್ಕನ ಮೇಲೆ ಪ್ರೀತಿಯೂ ಇತ್ತು. ಬಸ್ಸು ಚರಂಡಿಗೆ ಬಿದ್ದ ದಿನ ಆಸ್ಪತ್ರೆಗೆ ಮೊದಲು ಓಡಿಬಂದವನೂ ಅವನೇ.

ಆ ಭಾಗದಿಂದ ರಾಜ್ಯದ ಶಾಸನಸಭೆಗೆ ಆರಿಸಿಹೋಗಿದ್ದ ಸೆನೆಟರ್ ಹೋಫರ್ ಎಂಬಾಕೆ ಸಹಿಗಳ ಕಟ್ಟು ನೋಡಿ ಒಂದು ಮಸೂದೆ ಬರೆಸಿದಳು. ಶಾಸನಸಭೆಯ ಸಮಿತಿ ಜನರ ಮಾತು ಕೇಳುವ ವಿಚಾರಣೆಗೆ ಚಳಿಗಾಲದಲ್ಲಿ ದಿನ ಗೊತ್ತಾಯಿತು. ಅಕ್ಕ ತಮ್ಮ ಇಬ್ಬರೂ ಬೆಳಿಗ್ಗೆಯೇ ಲೀಲಂಡನ ಪಿಕಪ್ಪಿನಲ್ಲಿ ರಾಜಧಾನಿ ಲಿಂಕನ್ನಿಗೆ ಹೊರಟರು.

ಅರ್ಧ ದಾರಿಯವರೆಗೆ ಖುಷಿಯಾಗಿಯೇ ಇದ್ದರು. ಕಾಫಿ ಹೀರುತ್ತ ಲೀಲಂಡ್ ಅಂದ, "ಈ ಮಸೂದೆ ಪಾಸಾಗ್ಲಿ ಅಕ್ಕ, ನವೆಂಬರಲ್ಲೂ ಸಂಜೆ ಆರರವರೆಗೆ ಆಟ ಆಡಿಸ್ತೀನಿ. ಈಗ ನೋಡು, ಜನ ಕೆಲಸ ಮುಗಿಸಿ ಬರೋಷ್ಟರಲ್ಲಿ ಚೆಂಡು ಕಾಣಲ್ಲ."

ವರ್ನಾ ಅವನತ್ತ ತಿರುಗಿದಳು. "ನವೆಂಬರಲ್ಲಿ ಎಲ್ಲಿಂದ ಬರುತ್ತೋ ಸಂಜೆ ಬೆಳಕು?"

"ಬೇಸಿಗೆ ಸಮಯ ವರ್ಷವೆಲ್ಲಾ ಇದ್ರೆ ಬರುತ್ತಲ್ಲ."

"ಬೇಸಿಗೆ ಸಮಯಾನೇ ತೆಗೆದುಹಾಕೋದು ಕಣೋ ಇದು. ವರ್ಷವೆಲ್ಲಾ ಚಳಿಗಾಲದ ಗಡಿಯಾರ. ಮಸೂದೆ ಓದಿಲ್ವಾ ನೀನು?"

"ಓದೋಕೆ ನೀನಿದ್ದೀಯಲ್ಲ ಅಂತ ಬಿಟ್ಟೆ."

ಲೀಲಂಡ್ ಕಾಫಿ ಲೋಟ ಕೆಳಗಿಟ್ಟ. ಆಮೇಲೆ ಮತ್ತೆ ಶುರು ಮಾಡಿದ. "ಹಾಗಾದ್ರೆ ಜೂನಲ್ಲಿ ಕೋಳಿಗಿಂತ ಮೊದಲು ಸೂರ್ಯ ಏಳ್ತಾನೆ. ಯಾರಿಗೆ ಬೇಕದು? ಹುಡುಗಿಯರ ಸಾಫ್ಟ್‌ಬಾಲ್ ಅರ್ಧಕ್ಕೇ ನಿಲ್ಲುತ್ತೆ. ಊರಲ್ಲಿ ಜನ ಸಹಿ ಹಾಕಿದ್ದು ಸಂಜೆ ಬೆಳಕು ಉಳೀಲಿ ಅಂತ."

"ನಿನ್ನ ಕ್ಯಾಂಟೀನಲ್ಲಿ ಹಾಕಿದವರು ಹಾಗಂದ್ಕೊಂಡಿರಬಹುದು. ನಾನು ಹೋದ ಮನೆಗಳಲ್ಲಿ ತಾಯಂದಿರು ಬೆಳಗಿನ ಬೆಳಕಿಗೆ ಹಾಕಿದ್ರು. ನಿನ್ನ ಲೆಕ್ಕದಲ್ಲಿ ಜನವರಿಯಲ್ಲಿ ಸೂರ್ಯ ಹುಟ್ಟೋದು ಒಂಬತ್ತಕ್ಕೆ. ಮಕ್ಕಳನ್ನ ಚಳಿಗಾಲ ಪೂರ್ತಿ ಕತ್ತಲಲ್ಲಿ ಹತ್ತಿಸ್ಕೊಳ್ಲಾ?"

"ಬಸ್ಸಿಗೆ ದೀಪ ಇಲ್ವಾ?"

ಆ ಮಾತು ಆಡಿದ ಮೇಲೆ ಅವನಿಗೇ ಅದು ಹೆಚ್ಚಾಯಿತೆನಿಸಿತು. "ತಪ್ಪು ತಿಳೀಬೇಡ," ಅಂದ. ವರ್ನಾ ಕಿಟಕಿಯಾಚೆ ಬೋಳು ಹೊಲಗಳನ್ನೇ ನೋಡುತ್ತ ಕೂತಳು. ಪೆಟ್ರೋಲ್ ಬಂಕಿನಲ್ಲಿ ಗಾಡಿ ನಿಂತಾಗ ಅವಳು ಒಂದೇ ಮಾತು ಕೇಳಿದಳು, "ಅಲ್ಲಿ ನನ್ನ ವಿರುದ್ಧ ಮಾತಾಡ್ತೀಯಾ?"

"ಛೇ. ವಿರುದ್ಧ ಮಾತಾಡಲ್ಲ."

ಮಾತು ಉಳಿಸಿಕೊಂಡ, ಅವನದೇ ರೀತಿಯಲ್ಲಿ.

ವಿಚಾರಣೆಯ ಕೋಣೆಯಲ್ಲಿ ಮೊದಲು ಮಸೂದೆಯ ಪರವಿದ್ದವರನ್ನು ಕರೆದರು. ವರ್ನಾ ಮೇಜಿನ ಮುಂದೆ ಕೂತು ಹುಡುಗಿ, ನಾಯಿ, ಕತ್ತಲೆ ಎಲ್ಲ ಹೇಳಿದಳು. ಮೈಕು ಅವಳ ಉಸಿರನ್ನೂ ದೊಡ್ಡದು ಮಾಡುತ್ತಿತ್ತು. ತಯಾರಿ ಮಾಡಿಕೊಂಡದ್ದರಲ್ಲಿ ಅರ್ಧ ಮರೆತುಹೋಯಿತು. ಒಬ್ಬ ಸೆನೆಟರ್ ಸಹಾನುಭೂತಿಯಿಂದಲೇ ಕೇಳಿದ, "ಆ ದಿನ ನಿಮಗೆ ಒಂದು ಗಂಟೆ ನಿದ್ದೆ ಕಡಿಮೆಯಾಗಿತ್ತು, ಅಲ್ವಾ?" ಅವಳು "ನಿದ್ದೆಯಲ್ಲ, ಬೆಳಕು" ಅಂದಳು. ಅವನು ಬರೆದುಕೊಂಡದ್ದು ನಿದ್ದೆ ಎಂದೇ ಇರಬೇಕು ಎಂದು ಅವಳಿಗೆ ಅನಿಸಿತು.

ಆಮೇಲೆ ವಿರೋಧಿಸುವವರನ್ನು ಕರೆದರು. ಅವಳ ಪಕ್ಕದಲ್ಲಿದ್ದ ಲೀಲಂಡ್ ಅಲುಗಾಡಲಿಲ್ಲ. ಕೊನೆಗೆ ಸಮಿತಿಯ ಅಧ್ಯಕ್ಷ, ಪರವೂ ಅಲ್ಲದ ವಿರೋಧವೂ ಅಲ್ಲದ ತಟಸ್ಥರು ಯಾರಾದರೂ ಇದ್ದೀರಾ ಅಂದಾಗ, ಕೋಟಿನ ಗುಂಡಿ ಹಾಕಿಕೊಳ್ಳುತ್ತ ಎದ್ದ.

"ಈಗ ಮಾತಾಡಿದ್ದು ನಮ್ಮಕ್ಕ," ಎಂದು ಶುರು ಮಾಡಿದ. "ಅವಳು ಹೇಳಿದ್ದರಲ್ಲಿ ಸುಳ್ಳಿಲ್ಲ. ಆದ್ರೆ ನಮ್ಮೂರಲ್ಲಿ ಸಹಿ ಹಾಕಿದವರಲ್ಲಿ ಅರ್ಧ ಜನ ಗಾಲ್ಫ್ ಆಡೋರು. ಅವರಿಗೆ ಹಗಲಲ್ಲೇ ಚೆಂಡು ಸಿಗಲ್ಲ, ನೀವು ಸಂಜೆ ಬೆಳಕೂ ಕಿತ್ಕೊಂಡ್ರೆ ಹೇಗೆ?" ಸಭೆ ನಕ್ಕಿತು. ಬೆಳಿಗ್ಗೆಯಿಂದ ಬೇಸತ್ತು ಕೂತಿದ್ದವರು ಮೈ ಸಡಿಲಿಸಿದರು. ಊಟವಾದ ಮೇಲೆ ಮಗಳ ಜೊತೆ ಅಂಗಳದಲ್ಲಿ ಚೆಂಡು ಎಸೆಯುವ ಅಪ್ಪಂದಿರನ್ನು, ಸಂಜೆ ಬಿಸಿಲಿಗೆ ನಡೆದಾಡುವ ಮುದುಕರನ್ನು ಲೀಲಂಡ್ ಎಷ್ಟು ಚೆನ್ನಾಗಿ ವರ್ಣಿಸಿದನೆಂದರೆ, ವರ್ನಾಗೇ ಒಂದು ಗಳಿಗೆ ಆಸೆಯಾಯಿತು. ಅದಕ್ಕೇ ಅವಳ ಸಿಟ್ಟು ಇನ್ನೂ ಏರಿತು.

"ಅಂದರೆ ನೀವು ಅಕ್ಕ ತಮ್ಮ ಇಬ್ಬರಿಗೂ ಗಡಿಯಾರ ತಿರುಗಿಸೋದು ಬೇಡ," ಅಂದ ಅಧ್ಯಕ್ಷ. "ಯಾವ ಗಂಟೆ ಉಳಿಯಬೇಕು ಅನ್ನೋದೇ ಜಗಳ."

"ಚಿಕ್ಕಂದಿನಿಂದ ಹೀಗೇ ಸ್ವಾಮಿ," ಅಂದ ಲೀಲಂಡ್. ಮತ್ತೆ ನಗು.

ಇಬ್ಬರೂ ವಾಪಸ್ಸು ಹೊರಟರು. ಅವನು ರೇಡಿಯೋ ಹಾಕಿದ. ಅವಳು ಆಫ್ ಮಾಡಿದಳು.

ಕೆಲವು ವಾರಗಳ ನಂತರ ಹೋಫರ್ ಫೋನ್ ಮಾಡಿದಳು. ಮಸೂದೆ ಸಮಿತಿ ದಾಟಿದೆ, ಸದನವನ್ನೂ ದಾಟುತ್ತದೆ, ಆದರೆ ತಿದ್ದುಪಡಿಯಾಗಿದೆ ಅಂದಳು. ಈಗ ಅದು ವರ್ಷವೆಲ್ಲಾ ಬೇಸಿಗೆ ಸಮಯ ಇರಲಿ ಎನ್ನುತ್ತದೆ. ಬೇಸಿಗೆ ಸಮಯ ಬಿಟ್ಟುಬಿಡಲು ರಾಜ್ಯಕ್ಕೆ ಅಧಿಕಾರವಿದೆ, ವರ್ಷವೆಲ್ಲಾ ಇಟ್ಟುಕೊಳ್ಳಲು ಇಲ್ಲ. ಅದಕ್ಕೆ ವಾಷಿಂಗ್ಟನ್ನಿನ ಕೇಂದ್ರ ಸರ್ಕಾರದ ಒಪ್ಪಿಗೆ ಬೇಕು.

"ಒಪ್ಪಿಗೆ ಬರೋವರೆಗೆ?" ಕೇಳಿದಳು ವರ್ನಾ.

"ಅಲ್ಲಿವರೆಗೆ ಈಗಿರೋ ಹಾಗೇ. ಮಾರ್ಚಲ್ಲಿ ಮುಂದೆ, ನವೆಂಬರಲ್ಲಿ ಹಿಂದೆ."

"ಯಾವಾಗ ಬರುತ್ತೆ?"

"ಬೇರೆ ರಾಜ್ಯಗಳೂ ಹೀಗೇ ಬರೆದಿಟ್ಟು ಕಾಯ್ತಿವೆ," ಅಂದಳು ಹೋಫರ್. ಅವಳ ದನಿಯಲ್ಲೂ ದಣಿವಿತ್ತು. "ನನಗೆ ಸಿಕ್ಕಿದ್ದು ಇಷ್ಟೇ ವರ್ನಾ. ನಿಮ್ಮ ತಮ್ಮನ ಮಾತು ಎಲ್ಲರಿಗೂ ಹಿಡಿಸಿಬಿಡ್ತು."

ಮಸೂದೆ ಪಾಸಾದ ಸುದ್ದಿ ಬಂದಾಗ ಡ್ರೈಫೋರ್ಕಿನಲ್ಲಿ ಜನ ಹಬ್ಬ ಮಾಡಿದರು. ಕ್ಯಾಂಟೀನಿನಲ್ಲಿ ಗಡಿಯಾರದ ಆಕಾರದ ಕೇಕು ಬಂತು. ಕುಚೆರಾ ಅಕ್ಕ ತಮ್ಮ ಗೆದ್ದರು ಎಂದು ಬೆನ್ನು ತಟ್ಟಿದರು. ಏನೂ ಬದಲಾಗುವುದಿಲ್ಲ ಎಂದು ವರ್ನಾ ಒಬ್ಬೊಬ್ಬರಿಗೂ ವಿವರಿಸಿದಳು. ಎಲ್ಲರೂ ಕೇಳಿಸಿಕೊಂಡು, ಆದರೂ ಪಾಸಾಯ್ತಲ್ಲ ಎಂದು ಕೇಕಿನ ಚೂರು ಕೈಗಿಟ್ಟರು. ಅವಳು ತಟ್ಟೆಯನ್ನು ಗಲ್ಲಾಪೆಟ್ಟಿಗೆಯ ಮೇಲಿಟ್ಟು ಮನೆಗೆ ನಡೆದಳು.

ಮರುವಾರ ಶಾಲೆಯ ಮಂಡಳಿಯ ಮುಂದೆ ಹೋಗಿ, ಮಾರ್ಚ್ ತಿಂಗಳಲ್ಲಾದರೂ ಶಾಲೆಯ ಗಂಟೆ ತಡವಾಗಿ ಹೊಡೆಯಿರಿ ಎಂದು ಕೇಳಿದಳು. ಅಭ್ಯಾಸಕ್ಕೆ ಸಂಜೆಯ ಹೊತ್ತು ಸಾಲುವುದಿಲ್ಲ ಎಂದರು ಆಟದ ಕೋಚ್. ಮುಂದಿನ ವರ್ಷ ನೋಡೋಣ ಎಂದರು ಮಂಡಳಿಯ ಅಧ್ಯಕ್ಷರು. ಹೊರಗೆ ಬಂದು ಬಸ್ಸಿನ ಚಕ್ರಕ್ಕೆ ಒಮ್ಮೆ ಒದ್ದಳು. ಕಾಲು ನೋವಾಯಿತು.

ಮತ್ತೆ ಮಾರ್ಚ್ ಬಂತು. ಸೋಮವಾರ ಬೆಳಿಗ್ಗೆ ಹೊಲದ ತಿರುವಿಗೆ ಬರುತ್ತಿದ್ದಂತೆ ವರ್ನಾ ವೇಗ ಇಳಿಸಿದಳು. ಅಲ್ಲಿ ಒಂದು ಪಿಕಪ್ಪು ದೀಪ ಉರಿಸಿಕೊಂಡು ನಿಂತಿತ್ತು. ರಸ್ತೆಯೆಲ್ಲ ಬೆಳಗಿತ್ತು. ಮಕ್ಕಳು ಸಾಲಾಗಿ ಬಂದು ಹತ್ತಿದರು. ಲೀಲಂಡ್ ಕಾಫಿ ಲೋಟ ಹಿಡಿದು ಅವಳ ಕಿಟಕಿಯ ಕೆಳಗೆ ಬಂದ.

"ಇನ್ನೂ ಸಿಟ್ಟಾ?"

"ಹೂಂ."

"ನಾನು ಅಂದ್ಕೊಂಡಿದ್ದನ್ನ ನಾನು ಹೇಳಿದೆ ಅಕ್ಕ. ವಿರುದ್ಧ ಹೇಳಲಿಲ್ಲ."

"ವಿರುದ್ಧ ಹೇಳಿದ್ರೇ ಚೆನ್ನಾಗಿತ್ತು. ಆಗ ನಿನ್ನ ಮಾತಿಗೆ ಯಾರೂ ನಗ್ತಿರ್ಲಿಲ್ಲ."

ಅವನು ತಿರುಗಿ ಪಿಕಪ್ಪಿನ ದೀಪಗಳತ್ತ ನೋಡಿದ.

"ಈ ವಾರವೆಲ್ಲಾ ಬರ್ತೀನಿ," ಅಂದ ಕೊನೆಗೆ.

"ಕತ್ತಲೆ ಒಂದು ವಾರಕ್ಕೆ ಹೋಗಲ್ಲ ಕಣೋ. ತಿಂಗಳ ಕೊನೆವರೆಗೆ ಬಾ."

ಬಾಗಿಲು ಮುಚ್ಚಿ ಬಸ್ಸು ಹೊರಡಿಸಿದಳು. ಹೋಫರಳ ಬಳಿ ಈ ಸಲ ಹೊಸ ಸಹಿಗಳ ಜೊತೆ ಹೋಗಬೇಕು, ಯಾವ ಗಂಟೆ ಎಂದು ಮೊದಲೇ ಕೇಳಿ ಸಹಿ ಹಾಕಿಸಬೇಕು, ಆಗ ಎಷ್ಟು ಜನ ಉಳಿಯುತ್ತಾರೋ ಎಂದು ಯೋಚಿಸುತ್ತ ಮುಂದಿನ ಮನೆಯ ಗೇಟಿನ ಬಳಿ ಬ್ರೇಕ್ ಒತ್ತಿದಳು. ಅಲ್ಲಿ ಇನ್ನೂ ಕತ್ತಲೆಯಿತ್ತು. ಮಗು ಎಲ್ಲಿದೆ ಎಂದು ಕಣ್ಣು ಕಿರಿದು ಮಾಡಿ ಹುಡುಕಿದಳು.