ಬೊಳ್ಳುವಿಗೊಂದು ಕೆಲಸ

1981ರ ಫೆಬ್ರವರಿ 9, ಸೋಮವಾರ, ಬೆಳಿಗ್ಗೆ ಎಂಟು ಗಂಟೆ ಹತ್ತು ನಿಮಿಷ. ಕುಶಲಾ ಅಡುಗೆಮನೆಯ ಹೊಸ್ತಿಲಲ್ಲಿ ಕುಕ್ಕರಗಾಲಲ್ಲಿ ಕುಳಿತು, ಗೇಣುದ್ದದ ರಬ್ಬರ್ ಹೋಸಿನೊಳಗೆ ಚಮಚದ ಹಿಡಿಯಿಂದ ಅನ್ನ ತುರುಕುತ್ತಿದ್ದಳು. ಕಂಕನಾಡಿಯ ಗುಜರಿ ಅಂಗಡಿಯಿಂದ ತಂದ ಲಾರಿಯ ರೇಡಿಯೇಟರ್ ಹೋಸ್ ಅದು. ಎರಡು ಸಲ ಸಾಬೂನು ಹಾಕಿ ತೊಳೆದು, ಇಪ್ಪತ್ತು ನಿಮಿಷ ಕುದಿಸಿ, ಒಂದು ತುದಿಗೆ ಮರದ ಬೂಚು ಬಡಿದಿದ್ದಳು. ತಳದಲ್ಲಿ ಹುರಿದ ಒಣಮೀನಿನ ಪುಡಿ, ಅದರ ಮೇಲೆ ಕುಚ್ಚಲಕ್ಕಿ ಅನ್ನ.

“ಅದು ಎಂತ, ಫಿರಂಗಿಗೆ ಮದ್ದು ತುಂಬುವುದಾ?” ಎಂದಳು ತಾಯಿ ಗುಲಾಬಿ. ಜಗಲಿಯಲ್ಲಿ ಗೆರಸೆಯನ್ನು ಮಡಿಲಿಗೆಳೆದುಕೊಂಡು ಆಗಲೇ ಬೀಡಿ ಸುತ್ತಲು ಕುಳಿತಿದ್ದಳು.

“ಬೊಳ್ಳುವಿನ ಊಟ ಅಮ್ಮಾ. ಬಟ್ಟಲಲ್ಲಿ ಹಾಕಿದ್ರೆ ಒಂದೇ ನಿಮಿಷಕ್ಕೆ ಮುಗೀತದೆ. ಮತ್ತೆ ಸಂಜೆವರೆಗೆ ಎಂತ ಕೆಲಸ ಉಂಟು ಅದಕ್ಕೆ? ಬೇಜಾರಾಗಿ ಬೊಗಳ್ತದೆ. ಇದರಿಂದ ತೆಗೆದು ತಿನ್ಲಿಕ್ಕೆ ತಲೆ ಓಡಿಸಬೇಕು.”

ಬಲ್ಮಠದ ಆ ಮನೆಯ ಹಿಂಭಾಗದಲ್ಲಿ ತಾಯಿ ಮಗಳು ಬಾಡಿಗೆಗಿದ್ದರು. ಮುಂಭಾಗದಲ್ಲಿ ಮನೆಯ ಯಜಮಾನ ಆರ್ಥರ್; ಕ್ರೈಸ್ತರಾದ ಅವರನ್ನು ಗುಲಾಬಿ ಊರಿನ ರೂಢಿಯಂತೆ ‘ಪೊರ್ಬುಗಳು’ ಎನ್ನುತ್ತಿದ್ದಳು. ಕುಶಲಾ ಸಾಕಿದ ಬಿಳಿ ನಾಯಿ ಬೊಳ್ಳು ಆರ್ಥರ್ ಅವರ ಬೆತ್ತದ ಕುರ್ಚಿಯ ಕಾಲು ಕಡಿದ ಮೇಲೆ ಅದನ್ನು ಹಗಲಿಡೀ ಕಟ್ಟಿಹಾಕಬೇಕಾಯಿತು. ಕಟ್ಟಿದ ಮೇಲೆ ಬೊಗಳತೊಡಗಿತು. ಆದಿತ್ಯವಾರ ಹತ್ತು ಗಂಟೆಗೆ ಕೊಟ್ಟಾರದ ಗ್ಯಾರೇಜಿನವನು ಬಂದು ನಾಯಿಯನ್ನು ಕೊಂಡೊಯ್ಯಲಿ ಎಂದು ಆರ್ಥರ್ ಹೇಳಿಯಾಗಿತ್ತು. ಆ ಗ್ಯಾರೇಜನ್ನು ಕುಶಲಾ ನೋಡಿ ಬಂದಿದ್ದಳು. ಅಲ್ಲಿಯ ಸರಪಳಿ ಎರಡು ಮೊಳದ್ದು. ಅವಳ ಕೈಯಲ್ಲಿದ್ದದ್ದು ಆರು ದಿನ.

ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಅವಳಿಗೆ ಅಳತೆಯಿಲ್ಲದ ಪ್ರಯೋಗ ಪ್ರಯೋಗವೇ ಅಲ್ಲ. ಆದರೆ ನಾಲ್ಕೂವರೆಯವರೆಗೆ ಅವಳು ಶಾಲೆಯಲ್ಲಿ, ಗುಲಾಬಿಗೆ ಗಡಿಯಾರ ನೋಡಲು ಬಾರದು. ಹಾಗಾಗಿ ತಾಯಿ ಬೀಡಿ ಸುತ್ತುವ ವೇಗವನ್ನೇ ಮೊದಲೇ ಐದು ಸಲ ಅಳೆದಿಟ್ಟಿದ್ದಳು. ಇಪ್ಪತ್ತೈದು ಬೀಡಿಗೆ ಹದಿನಾಲ್ಕು ನಿಮಿಷ. ಐದು ಸಲದಲ್ಲಿ ಅರ್ಧ ನಿಮಿಷದ ವ್ಯತ್ಯಾಸವೂ ಬಂದಿರಲಿಲ್ಲ. ನಾಯಿ ಹೋಸನ್ನು ಬಿಡುವವರೆಗೆ ಎಷ್ಟು ಬೀಡಿಯಾಯಿತೆಂದು ಹೇಳಿದರೆ ಸಾಕು.

“ನೂರು,” ಎಂದಳು ಗುಲಾಬಿ ಸೋಮವಾರ ಸಂಜೆ. ಮಂಗಳವಾರವೂ ನೂರು. ಬುಧವಾರವೂ ನೂರೇ.

ಬುಧವಾರ ಬಾವಿಕಟ್ಟೆಯ ಹತ್ತಿರ ಆರ್ಥರ್ ಸಿಕ್ಕಿದರು. “ಟೀಚರ್, ನಿಮ್ಮ ನಾಯಿ ಇವತ್ತು ಒಂಬತ್ತರಿಂದ ಹನ್ನೆರಡರವರೆಗೆ ಭಾಷಣ ಮಾಡಿದೆ. ಒಂದು ಮೈಕ್ ಕೊಟ್ರೆ ಇಲೆಕ್ಷನ್‌ಗೆ ನಿಲ್ಲಬಹುದು ಮಾರಾಯ್ರೆ!”

ಕುಶಲಾ ಹೋಸನ್ನು ಬೆಳಕಿಗೆ ಹಿಡಿದು ನೋಡಿದಳು. ರಬ್ಬರಿನ ಮೇಲೆ ಹಲ್ಲಿನ ಗುರುತು ಒಂದೂ ಇಲ್ಲ. ಬಾಯಿಯ ಒಳಅಂಚಿನಲ್ಲಿ ಮಾತ್ರ ಹೊಗೆಸೊಪ್ಪಿನ ಪುಡಿ ಅಂಟಿತ್ತು.

“ಅಮ್ಮಾ, ಬೊಳ್ಳು ಬೀಡಿ ಸುತ್ಲಿಕ್ಕೆ ಕಲಿತಿದೆಯಾ?”

ಗುಲಾಬಿಯ ಬೆರಳು ನಿಂತಿತು. ಬೀಡಿಯ ತುದಿ ಮಡಚುವ ಕಬ್ಬಿಣದ ಕಡ್ಡಿಯನ್ನು ಗೆರಸೆಯ ಎಲೆಗಳ ಅಡಿಗೆ ಸರಿಸಿದಳು. “ನಾನೇ ತೆಗೆದು ಕೊಟ್ಟದ್ದು. ಅನ್ನಕ್ಕೂ ಪರೀಕ್ಷೆ ಇಡ್ಲಿಕ್ಕೆ ಅದೆಂತ ನಿನ್ನ ಶಾಲೆಯ ಹುಡುಗನಾ? ಅದು ನನ್ನ ಮುಖ ನೋಡ್ತದೆ ಮಾರಾಯ್ತಿ, ನನಗೆ ತಡೀಲಿಕ್ಕೆ ಆಗುವುದಿಲ್ಲ.”

ಕುಶಲಾಗೆ ಸಿಟ್ಟು ಬಂತು, ಆದರೆ ತೋರಿಸಲಿಲ್ಲ. ತಾಯಿಯ ಪಕ್ಕದಲ್ಲೇ ಕುಳಿತಳು.

“ಡಿಪೋದಿಂದ ಬೀಡಿ ಎಲೆ ಬಾರದ ದಿನ ನೀನು ಎಂತ ಮಾಡ್ತಿ?”

“ಎಂತ ಮಾಡುವುದು? ಸುಮ್ಮನೆ ಇರ್ತೇನೆ.”

“ಸುಮ್ಮನೆಯಾ? ಮೂರು ಸಲ ಮನೆ ಗುಡಿಸ್ತಿ. ಸರಿ ಇರುವ ಪಾತ್ರೆ ಪುನಃ ತೊಳೀತಿ. ನನ್ನ ಹತ್ರ ಎರಡು ಜಗಳ, ಆರ್ಥರ್ ಹತ್ರ ಒಂದು. ಊಟ ಹೊಟ್ಟೆ ತುಂಬ ಮಾಡಿರ್ತಿ. ಆದ್ರೂ ಕೈ ಸುಮ್ಮನೆ ಕೂರುವುದಿಲ್ಲ.”

ಗುಲಾಬಿ ಗೆರಸೆಯನ್ನು ಬದಿಗಿಟ್ಟಳು. ಅಂಗಳದಲ್ಲಿ ಹಗ್ಗದುದ್ದಕ್ಕೂ ಅತ್ತಿಂದಿತ್ತ ನಡೆಯುತ್ತಿದ್ದ ಬೊಳ್ಳುವನ್ನು ಬಹಳ ಹೊತ್ತು ನೋಡಿದಳು.

ಮರುದಿನ ಬೆಳಿಗ್ಗೆ ಮಗಳ ಕೈಯಿಂದ ಹೋಸನ್ನು ಕಿತ್ತುಕೊಂಡಳು. “ಕೊಡು ಇಲ್ಲಿ. ನಿನಗೆ ತುಂಬ್ಲಿಕ್ಕೆ ಗೊತ್ತಿಲ್ಲ. ಗಟ್ಟಿಯಾದ್ರೆ ಎಳೆಯುವುದಿಲ್ಲ, ಸಡಿಲವಾದ್ರೆ ಉದುರ್ತದೆ. ನಲವತ್ತು ವರ್ಷದಿಂದ ನನ್ನ ಕೆಲಸ ಇದೇ ಅಲ್ವಾ?” ಹೆಬ್ಬೆರಳಿನಿಂದ ಅನ್ನವನ್ನು ಸ್ವಲ್ಪ ಸ್ವಲ್ಪವೇ ಒತ್ತಿ, ನಡುನಡುವೆ ಮೀನಿನ ಪುಡಿ ಉದುರಿಸಿದಳು.

ಗುರುವಾರ ಮೂವತ್ತೊಂದು ಬೀಡಿ. ಶುಕ್ರವಾರ ಐವತ್ತೆರಡು. ಶನಿವಾರ ಅರುವತ್ತನಾಲ್ಕು. ಹೋಸ್ ಖಾಲಿಯಾದ ಮೇಲೆ ನಾಯಿ ಕಾಲು ಚಾಚಿ ಮಧ್ಯಾಹ್ನದವರೆಗೆ ಮಲಗುತ್ತದೆಂದು ಗುಲಾಬಿ ಕೇಳದೆಯೇ ವರದಿ ಒಪ್ಪಿಸಿದಳು.

ಆದಿತ್ಯವಾರ ಹತ್ತು ಗಂಟೆ ದಾಟುತ್ತಿದ್ದಂತೆ ಆರ್ಥರ್ ಗ್ಯಾರೇಜಿನವನನ್ನು ಕರೆದುಕೊಂಡು ಹಿತ್ತಿಲಿಗೆ ಬಂದರು. ಆರ್ಥರ್ ಕೈಯಲ್ಲಿ ಹೊಸ ಹಗ್ಗವಿತ್ತು. ಬೊಳ್ಳು ತಲೆಯೆತ್ತಿ ನೋಡಿ, ಬಾಲವನ್ನು ಎರಡು ಸಲ ನೆಲಕ್ಕೆ ಬಡಿದು, ಪುನಃ ಕೆಲಸಕ್ಕಿಳಿಯಿತು. ಹೋಸನ್ನು ಕಚ್ಚಿ ಜಗಲಿಯ ಮೆಟ್ಟಿಲಿನ ಮೇಲಿಂದ ಬೀಳಿಸಿತು. ನಾಲ್ಕು ಅಗುಳು ಹೊರಬಂತು. ನೆಕ್ಕಿ, ಪುನಃ ಎತ್ತಿಕೊಂಡು ಮೆಟ್ಟಿಲು ಹತ್ತಿತು.

“ಬಾಯಿ ಬಿದ್ದುಹೋಯಿತಾ ಇದರದ್ದು?” ಎಂದರು ಆರ್ಥರ್.

“ಅದು ಕೆಲಸದಲ್ಲಿ ಉಂಟು ಪೊರ್ಬುಗಳೇ, ಮಾತಾಡಿಸಬೇಡಿ,” ಎಂದಳು ಗುಲಾಬಿ, ಬೀಡಿಯಿಂದ ಕಣ್ಣೆತ್ತದೆ. “ಮೆಟ್ಟಿಲಿನಿಂದ ಬೀಳಿಸುವುದು ಯಾರೂ ಹೇಳಿಕೊಟ್ಟದ್ದಲ್ಲ. ಅದರದ್ದೇ ತಲೆ.”

ಗ್ಯಾರೇಜಿನವನು ಸ್ವಲ್ಪ ಹೊತ್ತು ನೋಡಿ ನಕ್ಕುಬಿಟ್ಟ. “ನನಗೆ ಬೊಗಳುವ ನಾಯಿ ಬೇಕಿತ್ತು ಮಾರಾಯ್ರೆ. ಇದು ಆಫೀಸಿನ ಕ್ಲರ್ಕ್‌ನ ಹಾಗೆ ಉಂಟಲ್ಲ!”

ಅವನು ಹೊರಟುಹೋದ. ಆರ್ಥರ್ ಹೋಗಲಿಲ್ಲ. ಹಗ್ಗವನ್ನು ಸುತ್ತಿ ಬಾವಿಕಟ್ಟೆಯ ಮೇಲಿಟ್ಟು, ಜಗಲಿಯ ತುದಿಯಲ್ಲಿ ಕುಳಿತರು. “ಮಧ್ಯಾಹ್ನಕ್ಕೂ ಇಂಥದ್ದೊಂದು ಕೊಡಿ ಟೀಚರ್. ನನ್ನ ಸ್ಕೂಟರಿನ ಹಳೇ ಟಯರ್ ಆಗ್ತದಾ?”

ಕುಶಲಾ ಉತ್ತರಿಸುವ ಮೊದಲೇ ಗುಲಾಬಿ ಕೈಯೆತ್ತಿ ತಡೆದಳು. ಲೆಕ್ಕ ತಪ್ಪಬಾರದು. ಅವಳ ಬೆರಳು ಮುಂದಿನ ಎಲೆಗೆ ಹೋಯಿತು. ಕೊನೆಗೆ ಬೊಳ್ಳು ಖಾಲಿ ಹೋಸಿನ ಮೇಲೆ ಗಲ್ಲವಿಟ್ಟು ಕಣ್ಣು ಮುಚ್ಚಿತು. ಗುಲಾಬಿ ಕೈಯಲ್ಲಿದ್ದ ಬೀಡಿಗೆ ನೂಲು ಸುತ್ತಿ ಗೆರಸೆಯಲ್ಲಿಟ್ಟಳು.

“ಎಪ್ಪತ್ತೊಂಬತ್ತು.”

ಕುಶಲಾ, ಹೋಸ್ ಕೊಟ್ಟ ಸಮಯ ಬರೆದಿಟ್ಟಿದ್ದ ಪುಸ್ತಕದಲ್ಲಿ ಗುಣಿಸಿ, ಭಾಗಿಸಿ, ಆಮೇಲೆ ಗಡಿಯಾರ ನೋಡಿದಳು. ಎರಡೂ ಒಂದೇ ಇತ್ತು. ನಲವತ್ತನಾಲ್ಕು ನಿಮಿಷ.